ಮೂರು ಸದ್ದು ಸಾಕ್ರಿ

ಮೊದಲೇ ಹೇಳಿಬಿಡುತ್ತೇನೆ. ವಾರಾಂತ್ಯದಲ್ಲಿ ಗಿಟಾರ್ ನುಡಿಸುವ ನನ್ನ ವಯಸ್ಸಿನ ಐಟಿ ಮಂದಿಯ ಮೇಲೆ ನನಗೆ ಸಿಟ್ಟಿದೆ. ಆ ಮಂದಿಯಲ್ಲಿ ನಾನೂ ಒಬ್ಬ. ಹಾಗಾಗಿ ಸಿಟ್ಟಿನ ದೊಡ್ಡ ಪಾಲು ನನಗೇ ಸಲ್ಲಬೇಕು.

ನಮ್ಮದು ಐದು ಜನರ ತಂಡ. ಹುಬ್ಬಳ್ಳಿ, ಗದಗ, ಶಿರಸಿ, ಹಾಸನ ಅಂತ ಒಂದೊಂದು ದಿಕ್ಕಿನಿಂದ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು. ನನ್ನ ಮನೆ ಕಾತ್ರಜದಲ್ಲಿ. ಊರಿನ ಬಸ್ಸು ಹತ್ತಲು ಅನುಕೂಲ ಎಂದು ಹದಿನಾಲ್ಕು ವರ್ಷದ ಹಿಂದೆ ಬಾಡಿಗೆಗೆ ಬಂದವನು ಇಲ್ಲೇ ಉಳಿದೆ. ರಾಜ್ಯೋತ್ಸವ, ಗಣಪತಿ, ಯುಗಾದಿ, ಯಾವುದೋ ಸೊಸೈಟಿಯ ವಾರ್ಷಿಕೋತ್ಸವ ಎಂದು ವರ್ಷಕ್ಕೆ ಆರೇಳು ಕಾರ್ಯಕ್ರಮ ಸಿಗುತ್ತವೆ. ಭಾವಗೀತೆ, ಶರೀಫರ ತತ್ವಪದ, ಹಳೆಯ ಸಿನಿಮಾ ಹಾಡು ನುಡಿಸುತ್ತೇವೆ. ಹೋದ ವರ್ಷ ನಾವು ಹೊಸದಾಗಿ ಕಲಿತ ಹಾಡು ಎರಡು. ಐದು ಜನ ಸೇರಿ ಕೊಂಡ ಪೆಡಲುಗಳು ಏಳು. ನನ್ನ ಜಗಳ ಈ ಲೆಕ್ಕದೊಂದಿಗೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿನ ಸದ್ದು ಬರೀ ಗಿಟಾರಿನದಲ್ಲ, ಅರ್ಧ ಸದ್ದು ಆಂಪ್ಲಿಫೈಯರಿನದು. ಗಾಜಿನ ವಾಲ್ವ್‌ಗಳ ಹಳೆಯ ಕಾಲದ ಆಂಪ್ ಕಾದು, ಜೋರಾಗಿ ಕೂಗಿದಾಗ ಒಂದು ಬಗೆಯ ಒಡಕು ಬರುತ್ತದೆ. ಜಗತ್ತು ಮೆಚ್ಚಿದ್ದು ಆ ಒಡಕನ್ನು. ಆದರೆ ಫೆಂಡರ್ ಟ್ವಿನ್ ರಿವರ್ಬ್‌ನಂಥ ಆಂಪ್ ಹತ್ತಿರ ಹತ್ತಿರ 30 ಕೆ.ಜಿ. ತೂಗುತ್ತದೆ. ಸ್ಕೂಟರಿನಲ್ಲಿ ಹೋಗುವ, ನಲವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದ ಮನುಷ್ಯ ಅದನ್ನು ಹೊರಲಾರ. ಅದಕ್ಕೇ ಆ ಆಂಪ್‌ನ ವರ್ತನೆಯನ್ನು ಲೆಕ್ಕಕ್ಕಿಳಿಸಿ ಚಿಪ್ಪಿನೊಳಗೆ ತುಂಬುವ ಮಾಡೆಲಿಂಗ್ ಪೆಟ್ಟಿಗೆಗಳು ಬಂದವು. 1998ರಲ್ಲಿ ಲೈನ್ 6 ಕಂಪನಿ ತಂದ, ಹುರುಳಿಕಾಳಿನ ಆಕಾರದ ಕೆಂಪು ಪಾಡ್ ಇವನ್ನು ಮನೆಮಾತಾಗಿಸಿತು. ಈಗ ಕೆಂಪರ್, ಎಚ್‌ಎಕ್ಸ್ ಸ್ಟಾಂಪ್, ಕ್ವಾಡ್ ಕಾರ್ಟೆಕ್ಸ್, ಬಾಸ್, ಜೂಮ್, ವ್ಯಾಲೆಟನ್ ಎಂದು ಸಂತೆಯೇ ನೆರೆದಿದೆ. ಯಾವುದನ್ನು ಕೊಳ್ಳಬೇಕು ಎಂಬ ಚರ್ಚೆಗೆ ಕೊನೆಯೇ ಇಲ್ಲ.

ನಾನು ಕೊಂಡಿರಲಿಲ್ಲ, ಕಟ್ಟಿದ್ದೆ. ಸುರತ್ಕಲ್ಲಿನಲ್ಲಿ ಎಂ.ಟೆಕ್. ಮಾಡುವಾಗ ಸಿಗ್ನಲ್ ಪ್ರೊಸೆಸಿಂಗ್ ಓದಿದ್ದ ಸೊಕ್ಕು. ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಕಾಲಿನಿಂದ ಒತ್ತುವ ಮಿಡಿ ಬೋರ್ಡ್, ಇವನ್ನೆಲ್ಲ ಜೋಡಿಸಲು ಯುಎಸ್‌ಬಿ ಹಬ್, ಅದಕ್ಕೊಂದು ಅಡಾಪ್ಟರ್. ಮೇಲೆ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ತಂತ್ರಾಂಶ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು.

ಎರಡು ವರ್ಷದ ಹಿಂದಿನ ರಾಜ್ಯೋತ್ಸವ. ಪಕ್ಕದ ಸೊಸೈಟಿಯೊಂದರ ಹಾಲ್. ಆಗ ಒಂಬತ್ತು ವರ್ಷದವನಾಗಿದ್ದ ನನ್ನ ಮಗ ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರೊಡನೆ ಮರಾಠಿ, ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಎರಡರಲ್ಲಿ ಒಂದರ ಉತ್ತರ. ಅಂಥವನು ಒಂದು ತಿಂಗಳು ಕೂತು, ಅವನ ಅಜ್ಜಿಯಿಂದ ಫೋನಿನಲ್ಲಿ ಉಚ್ಚಾರ ತಿದ್ದಿಸಿಕೊಂಡು, ಒಂದು ಭಾವಗೀತೆ ಕಲಿತಿದ್ದ. ಗಿಟಾರ್ ನನ್ನದೊಂದೇ, ಬೇರೆ ವಾದ್ಯವಿಲ್ಲ. ಎಲ್ಲ ಜೋಡಿಸಲು ನಾನು ನಲವತ್ತು ನಿಮಿಷ ತೆಗೆದುಕೊಂಡೆ. ಹಾಡಿನ ಎರಡನೇ ಸಾಲಿನಲ್ಲಿ, ಹಿಂದೆ ಚಹಾಕ್ಕೆ ನೀರು ಕಾಯಿಸಲು ಯಾರೋ ನಮ್ಮ ಲೈನಿಗೇ ಕೆಟಲ್ ಚುಚ್ಚಿದರು. ಫ್ಯೂಸ್ ಹೋಯಿತು. ಸ್ಪೀಕರುಗಳದು ಬೇರೆ ಲೈನು, ಮೈಕು ನಡೆಯುತ್ತಲೇ ಇತ್ತು. ಲ್ಯಾಪ್‌ಟಾಪಿಗೂ ಬ್ಯಾಟರಿ ಇತ್ತು. ಆದರೆ ಹಬ್ ಸತ್ತಿತು, ಇಂಟರ್‌ಫೇಸ್ ಕಾಣೆಯಾಯಿತು, ತಂತ್ರಾಂಶ ಮರಗಟ್ಟಿತು. ಹುಡುಗ ಇನ್ನರ್ಧ ಸಾಲು ಹಾಡಿ ನನ್ನತ್ತ ತಿರುಗಿ ನೋಡಿದ. ನಾನು ಪರದೆ ನೋಡುತ್ತಿದ್ದೆ. ಎಲ್ಲ ಮತ್ತೆ ಎದ್ದು ಬರಲು ನಾಲ್ಕು ನಿಮಿಷ ಬೇಕಾಯಿತು. ಅಷ್ಟರಲ್ಲಿ ನಿರೂಪಕಿ ಒಗಟು ಕೇಳಲು ಶುರುಮಾಡಿದ್ದರು, ಮಗ ಕೆಳಗಿಳಿದು ಅಮ್ಮನ ಪಕ್ಕ ಕೂತಾಗಿತ್ತು. ಆಮೇಲೆ ಅವನು ವೇದಿಕೆಯ ಮೇಲೆ ಹಾಡಿಲ್ಲ. ಕೇಳಿದರೆ ‘ನಕೋ’ ಅನ್ನುತ್ತಾನೆ, ಮರಾಠಿಯಲ್ಲಿ.

ಕೆಟಲ್ ಚುಚ್ಚಿದವರದು ತಪ್ಪು ಅಂತ ಗೆಳೆಯರು ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ಆಫೀಸಿನಲ್ಲಿ ನನ್ನ ಕೈಕೆಳಗಿನ ಹುಡುಗ ಇಂಥ ವಿನ್ಯಾಸ ತಂದಿದ್ದರೆ ಬೈದು ಕಳಿಸುತ್ತಿದ್ದೆ. ಸಾಲಾಗಿ ಜೋಡಿಸಿದ ಹತ್ತು ವಸ್ತುಗಳಲ್ಲಿ ಪ್ರತಿಯೊಂದೂ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ನಡೆದರೂ ಇಡೀ ಸಾಲು ನಡೆಯುವುದು ನೂರಕ್ಕೆ ತೊಂಬತ್ತು ಸಲ ಮಾತ್ರ. ಅಂದರೆ ಹತ್ತು ಕಾರ್ಯಕ್ರಮಕ್ಕೆ ಒಂದು ಕೆಡುತ್ತದೆ. ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ, ನನ್ನ ಪಾಲಿಗೆ ಮಗನ ಹಾಡು ಕೆಟ್ಟಿತು. ಬಾಸ್ ಕಂಪನಿಯ ಜಿಟಿ-1 ಎಂಬ ಪುಟ್ಟ ಪೆಟ್ಟಿಗೆ ನಾಲ್ಕು ಪೆನ್‌ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, ತೂಕ ಒಂದೂಕಾಲು ಕೆ.ಜಿ.ಯ ಆಸುಪಾಸು. ಅವತ್ತು ಅದಿದ್ದಿದ್ದರೆ ಫ್ಯೂಸ್ ಹೋದದ್ದು ಚಹಾದವರಿಗೆ ಮಾತ್ರ ತಿಳಿಯುತ್ತಿತ್ತು.

ಇನ್ನು ಶುದ್ಧಿವಾದಿಗಳ ಕಡೆ ಬರೋಣ. ಬೇಸ್ ನುಡಿಸುವ ನಮ್ಮ ಗದಗಿನ ಗೆಳೆಯ ಹೇಳುತ್ತಾನೆ: “ಡಿಜಿಟಲ್ ಅಂದ್ರ ಪ್ಲಾಸ್ಟಿಕ್ ಹೂವ ಇದ್ದಂಗಲೇ. ವಾಸನೀನ ಇರೂದಿಲ್ಲ.” ಅವನಿಗೆ ನನ್ನ ಉತ್ತರ, ಅವನ ಜಿಲ್ಲೆಯಿಂದಲೇ ಬಂದು ಪುಣೆಯವರಾದ ಭೀಮಸೇನ ಜೋಶಿ. 1953ರಲ್ಲಿ ಅವರು ಗುರುವಿನ ನೆನಪಿಗೆ ಶುರುಮಾಡಿದ ಸವಾಯಿ ಗಂಧರ್ವ ಉತ್ಸವದಲ್ಲಿ ಗಾಯಕರ ಹಿಂದೆ ತಂಬೂರಿ ಹಿಡಿದು ಕೂರುವುದನ್ನು ನಾವಿಬ್ಬರೂ ನೋಡಿದ್ದೇವೆ. ಮಿರಜಿನಲ್ಲಿ ಸೋರೆಬುರುಡೆ ಕೊರೆದು ಮಾಡಿದ ತಂಬೂರಿಗೆ ಸಾಟಿ ಇಲ್ಲ, ಒಪ್ಪಿದೆ. ಆದರೆ ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರಲ್ಲ, ಅದು ಇಲ್ಲದ ಸಂಗೀತದ ಮನೆ ಎಷ್ಟಿವೆ? ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಬಸ್ಸಿನ ಪ್ರಯಾಣದಲ್ಲಿ, ವಿದೇಶದ ಹೋಟೆಲಿನಲ್ಲಿ ಜನ ಸಾಧನೆ ಮಾಡಿದ್ದು ಆ ಡಬ್ಬಿ ಹಚ್ಚಿಟ್ಟು. ಅದು ಮಿರಜಿನ ತಂಬೂರಿ ಎಂದು ಯಾರೂ ಸುಳ್ಳು ಹೇಳಲಿಲ್ಲ. ಶ್ರುತಿ ತಪ್ಪಲಿಲ್ಲ, ಅಷ್ಟು ಸಾಕಾಗಿತ್ತು.

ತಾಂತ್ರಿಕವಾಗಿಯೂ ಅವನ ವಾದ ಹಳೆಯದು. ಒಳ್ಳೆಯ ಪೆಟ್ಟಿಗೆಯಲ್ಲಿ ಮೂರು ಮಿಲಿಸೆಕೆಂಡು ತಡವಾಗುತ್ತದೆ ಅನ್ನಿ. ಆಂಪ್‌ನಿಂದ ಒಂದು ಮೀಟರ್ ದೂರ ನಿಂತರೂ ಸದ್ದು ಕಿವಿಗೆ ಬರಲು ಅಷ್ಟೇ ಹೊತ್ತು ಬೇಕು. ವಾಲ್ವ್ ಆಂಪ್ ಸುಖ ಕೊಡುವುದು ಜೋರಾಗಿ ಇಟ್ಟಾಗ. ಸೊಸೈಟಿಯ ಹಾಲಿನಲ್ಲಿ ಹಾಗಿಟ್ಟು ನೋಡಲಿ! ಎರಡನೇ ಹಾಡಿಗೆ ಸೌಂಡಿನವನು ಬಂದು ‘ದಾದಾ, ಸ್ಟೇಜಚಾ ಆವಾಜ್ ಕಮೀ ಕರಾ’ ಅನ್ನುತ್ತಾನೆ. ರಾತ್ರಿ ಹತ್ತಾದರೆ ಕಾನೂನೇ ಬಾಗಿಲು ತಟ್ಟುತ್ತದೆ. ಹಿಂದೆ ಕೂತ ಅಜ್ಜಿಗೆ ಮುಂದೆ ಹಾಡುವವಳ ಮಾತು ಕೇಳಿಸಬೇಕು. ನಮ್ಮ ವಾಲ್ವಿನ ಒಡಕು ಕೇಳಲು ಆಕೆ ಬಂದಿಲ್ಲ.

ಶುದ್ಧಿವಾದಿಗಿಂತ ನನಗೆ ಹೆಚ್ಚು ಭಯ ‘ಎಲ್ಲವೂ ಇರಲಿ’ ಎನ್ನುವವನದು. ಇನ್ನೂರು ಆಂಪ್, ನಾನೂರು ಎಫೆಕ್ಟ್, ಬಣ್ಣದ ಟಚ್‌ಸ್ಕ್ರೀನ್. ನಮ್ಮ ಹಾಡುಗಳಿಗೆ ಬೇಕಾದದ್ದು ಮೂರೇ ಸದ್ದು: ಮಾತಿನಡಿಗೆ ನಿಲ್ಲುವ ಶುಭ್ರವಾದ ಒಂದು, ಶರೀಫರ ಪದಕ್ಕೆ ಸ್ವಲ್ಪ ಒಡಕಿನ ಇನ್ನೊಂದು, ನಡುವಿನ ತುಣುಕು ನುಡಿಸುವಾಗ ಒಂದಿಷ್ಟು ಮುಂದೆ ಬರುವ ಮತ್ತೊಂದು. ಉಳಿದ ಮುನ್ನೂರ ತೊಂಬತ್ತೇಳಕ್ಕೆ ನಾವು ದುಡ್ಡು ಕೊಡುವುದಷ್ಟೇ ಅಲ್ಲ, ಶನಿವಾರಗಳನ್ನೂ ಕೊಡುತ್ತೇವೆ. ನಮ್ಮಂಥವರಿಗೆ ವಾರಕ್ಕೆ ಸಿಗುವುದು ಮೂರು ಗಂಟೆ. ಅದನ್ನು ಪರದೆಯ ಮೇಲೆ ಬೆರಳಾಡಿಸಿ ಕಳೆದು ‘ಪ್ರ್ಯಾಕ್ಟೀಸ್ ಮಾಡಿದೆ’ ಅನ್ನುತ್ತೇವೆ. ಹಾಡು ಬರುವುದಿಲ್ಲ ಎಂಬ ಅಳುಕನ್ನು ಸಾಮಾನು ಸಾಲದು ಎಂಬ ದೂರಿನಲ್ಲಿ ಮುಚ್ಚಿಡುವುದು ಸುಲಭ. ನಾನು ಆರು ವರ್ಷ ಹಾಗೇ ಮುಚ್ಚಿಟ್ಟೆ.

ಹಾಗಾದರೆ ಏನು ಕೊಳ್ಳಬೇಕು? ಕಂಪನಿಯ ಹೆಸರು ಹೇಳಿ ಜಗಳ ಕಟ್ಟಿಕೊಳ್ಳುವುದಿಲ್ಲ. ಪರೀಕ್ಷೆಗಳನ್ನು ಹೇಳುತ್ತೇನೆ.

ಒಂದು, ಅದು ಗಿಟಾರಿನ ಚೀಲದ ಜೇಬಿನಲ್ಲಿ ಅಥವಾ ಬೆನ್ನಚೀಲದಲ್ಲಿ ಹಿಡಿಯಬೇಕು. ಎರಡನೇ ಚೀಲ ಬೇಕಾದರೆ ಅದು ಪೋರ್ಟಬಲ್ ಅಲ್ಲ, ಜಾಹೀರಾತು.

ಎರಡು, ಸೆಲ್ಲಿನಲ್ಲೋ ಪವರ್‌ಬ್ಯಾಂಕಿನಲ್ಲೋ ನಡೆದರೆ ಒಳ್ಳೆಯದು. ಇಲ್ಲವೆಂದರೆ ಅಡಾಪ್ಟರ್ ಸುಲಭಕ್ಕೆ ಸಿಗುವಂಥದಿರಬೇಕು. ಎಚ್‌ಎಕ್ಸ್ ಸ್ಟಾಂಪ್ ಚಿಕ್ಕದು, ಚೆಂದದ್ದು. ಆದರೆ ಅದಕ್ಕೆ 9 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, ಸಾಮಾನ್ಯ ಪೆಡಲ್ ಅಡಾಪ್ಟರ್ ಅಷ್ಟು ಕೊಡುವುದಿಲ್ಲ. ಮರೆತು ಮನೆಯಲ್ಲಿಟ್ಟು ಹೋದರೆ ಅವತ್ತಿನ ಕಥೆ ಮುಗಿಯಿತು.

ಮೂರು, ಸ್ಪೀಕರ್ ಪೆಟ್ಟಿಗೆಯ ನಕಲು, ಅಂದರೆ ಕ್ಯಾಬ್ ಸಿಮ್ಯುಲೇಷನ್, ಅದರೊಳಗೇ ಇರಬೇಕು. ಗಿಟಾರಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ತಗ್ಗಿಸುತ್ತದೆ. ಆ ಜರಡಿ ಇಲ್ಲದೆ ನೇರ ಹಾಲಿನ ಸ್ಪೀಕರಿಗೆ ಕೊಟ್ಟರೆ ಕೇಳುವುದು ಗಿಟಾರಲ್ಲ, ಬಾಣಲೆಯಲ್ಲಿ ಮಿರ್ಚಿ ಭಜಿ ಕರಿಯುವ ಸದ್ದು.

ನಾಲ್ಕು, ಅದನ್ನು ಹೆಡ್‌ಫೋನಿನಲ್ಲಿ ಕೇಳಿ ತೀರ್ಮಾನಿಸಬೇಡಿ. ಸದ್ದು ಮೆತ್ತಗಿದ್ದಾಗ ನಮ್ಮ ಕಿವಿಗೆ ತಳದ ಮತ್ತು ತುದಿಯ ಸ್ವರಗಳು ಕಡಿಮೆ ಕೇಳುತ್ತವೆ ಎಂದು 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟಿದ್ದಾರೆ. ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುತ್ತ ನಾವು ಅವೆರಡನ್ನೂ ಏರಿಸುತ್ತೇವೆ. ಹಾಲಿನಲ್ಲಿ ಜೋರಾದಾಗ ಅದೇ ಸದ್ದು ರಾಡಿಯಾಗುತ್ತದೆ. ಹಾಲಿನಲ್ಲಿ ಸ್ಪೀಕರ್ ಹಚ್ಚಿ, ಹಾಡುವವರನ್ನು ಹಾಡಿಸಿ, ಕೊನೆಯ ಸಾಲಿನಲ್ಲಿ ನಿಂತು ಕೇಳಿ.

ಐದು, ಗುಂಡಿ ಒತ್ತಿ ಹತ್ತು ಸೆಕೆಂಡಿನಲ್ಲಿ ಸದ್ದು ಬರಬೇಕು. ಬಗ್ಗಿ ನೋಡದೆ ಕಾಲಿನಿಂದ ಮೂರು ಸದ್ದೂ ಸಿಗಬೇಕು. ಮಗು ತಿರುಗಿ ನೋಡಿದಾಗ ನಿಮ್ಮ ಕಣ್ಣು ಪರದೆಯ ಮೇಲಿರಬಾರದು.

ನಾನು ಲ್ಯಾಪ್‌ಟಾಪ್ ಸಂಸಾರವನ್ನು ಮಾರಿದೆ. ಸೆಲ್ಲಿನಲ್ಲಿ ನಡೆಯುವ, ಯಾರೋ ಬಳಸಿದ್ದ ಪುಟ್ಟ ಪೆಟ್ಟಿಗೆ ಕೊಂಡೆ. ಅದರಲ್ಲೂ ಬೇಡದ ಸದ್ದು ಬೇಕಾದಷ್ಟಿದೆ, ಮೂರನ್ನು ಹೊಂದಿಸಿಕೊಂಡು ಮಿಕ್ಕದ್ದನ್ನು ಮುಟ್ಟುವುದಿಲ್ಲ ಎಂದು ಪಣ ತೊಟ್ಟಿದ್ದೇನೆ. ಗದಗಿನ ಗೆಳೆಯ ಅದನ್ನು ಆಟಿಕೆ ಅನ್ನುತ್ತಾನೆ. ಅನ್ನಲಿ. ಈ ವರ್ಷ ಐದು ಹೊಸ ಹಾಡು ಕಲಿತಿದ್ದೇನೆ, ಅವನು ಇನ್ನೊಂದು ಪೆಡಲ್ ಕೊಂಡಿದ್ದಾನೆ.

ಮಗ ಇನ್ನೂ ವೇದಿಕೆ ಹತ್ತಿಲ್ಲ. ಹೋದ ಭಾನುವಾರ ನಾನು ಬಾಲ್ಕನಿಯಲ್ಲಿ ಕೂತು ಅದೇ ಭಾವಗೀತೆಯ ಸ್ವರ ಹಿಡಿದಿದ್ದೆ. ಅವನು ಒಳಗಿನಿಂದಲೇ ಮೊದಲ ಸಾಲು ಗುನುಗಿದ, ಎರಡನೆಯದಕ್ಕೆ ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ.