ಸ್ಕೈರಿಮ್ ಆಟದ ಸಾಲ ಮತ್ತು ಲಾಭ

ಊರಿನ ಅರಳಿಕಟ್ಟೆ ಮೇಲೆ ಹುಡುಗರು ತಲೆ ಬಗ್ಗಿಸಿ ಮೊಬೈಲಿನಲ್ಲಿ ಗೇಮ್ ಆಡುತ್ತಿರುತ್ತಾರೆ. "ಇವರಿಗೆ ಬುದ್ಧಿ ಹೇಳಿ ಏನಾದರೂ ಬರೀರಪ್ಪಾ" ಅಂತ ಹಿರಿಯರೊಬ್ಬರು ನಮಗೆ ಹೇಳಿದರು. ಬರೆಯಲು ಕೂತರೆ ಕೈ ಓಡಲಿಲ್ಲ. ಆ ವಯಸ್ಸಿನಲ್ಲಿ ನಾವೂ ಅದನ್ನೇ ಮಾಡಿದವರು. ಆಟ ಬೇರೆ, ಅಷ್ಟೆ.

2012ರಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಓದಲು ಬಂದ ನಾವು ಮೂವರು ಬೆಂಗಳೂರಿನ ಲಿಂಗರಾಜಪುರದಲ್ಲಿ ರೂಮು ಮಾಡಿದ್ದೆವು. ವೋಟರ್ ಲಿಸ್ಟಿನಲ್ಲಿ ಆ ಭಾಗದ ಹೆಸರು ಸರ್ವಜ್ಞನಗರ. ಸುದ್ದಿ ಟೈಪ್ ಮಾಡೋಕೆ ಅಂತ ಮನೆಯಲ್ಲಿ ಹೇಳಿ ದುಡ್ಡು ತಂದು, ಎಸ್.ಪಿ. ರೋಡಿನಲ್ಲಿ ಹಳೇ ಕಂಪ್ಯೂಟರ್ ಕೊಂಡೆವು. ವಾರದೊಳಗೆ ಯಾರೋ ಪೆನ್ ಡ್ರೈವಿನಲ್ಲಿ ಸ್ಕೈರಿಮ್ ತಂದುಕೊಟ್ಟರು. ಅದು ದುಡ್ಡು ಕೊಟ್ಟು ತಂದದ್ದಲ್ಲ, ಕದ್ದ ಕಾಪಿ. ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇವೆ.

ಸ್ಕೈರಿಮ್ ಅಮೆರಿಕದ ಬೆಥೆಸ್ಡಾ ಕಂಪನಿಯ ಆಟ. 2011ರ ನವೆಂಬರ್ 11ರಂದು ಬಂತು. ಇದನ್ನು ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ನಮ್ಮ ಕಡೆ ಕುರುಕ್ಷೇತ್ರ ನಾಟಕಕ್ಕೆ ದುಡ್ಡು ಕಟ್ಟಿ ದುರ್ಯೋಧನನ ಪಾತ್ರ ಹಿಡಿಯುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಮೇಷ್ಟ್ರು ಕಲಿಸಿದ ಮಾತಿಲ್ಲ. ಹತ್ತು ಜನಾಂಗಗಳಲ್ಲಿ ಒಂದನ್ನು ಆರಿಸಿಕೊಂಡು, ಹಿಮದ ನಾಡಿನಲ್ಲಿ ಎಲ್ಲಿ ಬೇಕಾದರೂ ತಿರುಗಬಹುದು. ಕತ್ತಿ ಬೀಸಿದರೆ ಕತ್ತಿ ವಿದ್ಯೆ ಬೆಳೆಯುತ್ತದೆ. ಕುಲುಮೆಯಲ್ಲಿ ಕೆಲಸ ಮಾಡಿದರೆ ಕಮ್ಮಾರಿಕೆ ಬರುತ್ತದೆ.

ನಮಗೆ ಇದರಿಂದ ಸಿಕ್ಕ ದೊಡ್ಡ ಲಾಭ ಇಂಗ್ಲಿಷ್. ಆಟದೊಳಗೆ ನೂರಾರು ಪುಸ್ತಕಗಳಿವೆ, ಮಾತಿನ ಕೆಳಗೆ ಅಕ್ಷರ ಮೂಡುತ್ತದೆ. ಕ್ಲಾಸಿನಲ್ಲಿ ಇಂಗ್ಲಿಷ್ ಅಂದರೆ ಬೆವರುತ್ತಿದ್ದ ನಾವು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಅದನ್ನು ಓದಿದೆವು. ಇವತ್ತು ಡಿಸಿ ಆಫೀಸಿನ ಇಂಗ್ಲಿಷ್ ಆದೇಶ ಓದಿ ಸುದ್ದಿ ಮಾಡುತ್ತೇವೆ ಅಂದರೆ, ಅದರಲ್ಲಿ ಈ ಆಟದ ಪಾಲೂ ಇದೆ.

ಹೊಟ್ಟೆ ಉರಿಸಿದ ವಿಷಯವೂ ಅಲ್ಲೇ ಇತ್ತು. ಸ್ಕೈರಿಮ್ ಚೆಕ್ ಭಾಷೆಯಲ್ಲೂ ಸಿಗುತ್ತದೆ. ಚೆಕ್ ಮಾತಾಡುವವರು ಸುಮಾರು 1 ಕೋಟಿ. 2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಆದರೂ ಕನ್ನಡದ ಒಂದಕ್ಷರ ಅದರಲ್ಲಿಲ್ಲ. ಆಟ ಕೊಳ್ಳುವವರ ಲೆಕ್ಕದಲ್ಲಿ ನಾವಿಲ್ಲ. ಕದ್ದು ಆಡಿದ ನಮ್ಮಂಥವರು ಆ ಲೆಕ್ಕಕ್ಕೆ ಸೇರುವುದಾದರೂ ಹೇಗೆ?

ಇನ್ನೊಂದು ಪಾಠ ಗಟ್ಟಿಯಾಗಿ ತಾಗಿತು. ಆ ನಾಡು ನಾರ್ಡ್ ಅನ್ನುವ ಜನರ ತವರು. "ನಮ್ಮ ನೆಲ ನಮ್ಮವರಿಗೆ" ಅನ್ನುವ ಧಾಟಿಯಲ್ಲಿ ದಂಗೆ ಎದ್ದ ನಾಯಕ ಉಲ್ಫ್ರಿಕ್. ನಾವು ಹಿಂದೆಮುಂದೆ ನೋಡದೆ ಅವನ ಪಕ್ಷ ಸೇರಿದೆವು. ಆಮೇಲೆ ಅವನ ರಾಜಧಾನಿ ವಿಂಡ್‌ಹೆಲ್ಮ್‌ಗೆ ಹೋದರೆ, ಬಾಗಿಲಲ್ಲೇ ಇಬ್ಬರು ಒಬ್ಬ ವಲಸೆ ಹೆಂಗಸನ್ನು ಬೈಯುತ್ತಿದ್ದರು. ಅವಳ ಜನ ಕೊಳಕು ಗಲ್ಲಿಯಲ್ಲಿ ಇದ್ದರು. ಇನ್ನೊಂದು ಜನಾಂಗಕ್ಕೆ ಕೋಟೆಯೊಳಗೆ ಮನೆಯೇ ಇಲ್ಲ, ಹಡಗುಕಟ್ಟೆಯಲ್ಲಿ ವಾಸ. ಆದರೂ ನಾವು ಆಟ ಮುಂದುವರಿಸಿದೆವು.

ಅದೇ 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ಸಿನಲ್ಲಿ ಸುಳ್ಳು ಸುದ್ದಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನದಲ್ಲಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ನಮ್ಮ ಬೀದಿಯ ಸೆಕ್ಯುರಿಟಿ ಗಾರ್ಡ್ ಕೂಡ ಬ್ಯಾಗು ಹಿಡಿದು ಹೊರಟ. "ಹೋಗಬೇಡಪ್ಪಾ, ನಾವಿದ್ದೀವಿ" ಅನ್ನುವ ಮಾತು ನಮ್ಮ ಬಾಯಿಗೆ ಬರಲಿಲ್ಲ. ಒಳಗೆ ಬಂದು ಕಂಪ್ಯೂಟರ್ ಆನ್ ಮಾಡಿದೆವು. ಪರದೆ ಮೇಲೆ ಲೋಕ ಉಳಿಸುವ ವೀರರು, ಬಾಗಿಲಾಚೆ ಬಾಯಿ ಬಿಡದವರು. ಕನ್ನಡದ ಪರವಾಗಿ ನಾವು ಇವತ್ತೂ ಬರೆಯುತ್ತೇವೆ, ಬರೆಯಲೇಬೇಕು. ಆದರೆ "ಹೊರಗಿನವರು" ಅಂತ ಬರೆಯುವ ಮುಂಚೆ ಆ ಗಾರ್ಡಿನ ಬ್ಯಾಗು ನೆನಪಾಗುತ್ತದೆ.

ಇನ್ನು ಕಳಕೊಂಡದ್ದು. ಸ್ಕೈರಿಮ್‌ನಲ್ಲಿ ಲೋಕ ಸುಡಲು ಬಂದ ಡ್ರ್ಯಾಗನ್ ನಿಮಗಾಗಿ ಕಾಯುತ್ತದೆ. ನೀವು ನೂರು ದಿನ ಹೂವು ಕೀಳುತ್ತಾ ಕೂತರೂ ಲೋಕಕ್ಕೆ ಏನೂ ಆಗುವುದಿಲ್ಲ. ನಮ್ಮ ಹೊಲದ ರಾಗಿ ಹಾಗೆ ಕಾಯುವುದಿಲ್ಲ. ಆ ವರ್ಷ ಮಳೆ ಕಡಿಮೆ, ಇದ್ದದ್ದೇ ಸ್ವಲ್ಪ ಬೆಳೆ. "ಆಳು ಸಿಗ್ತಿಲ್ಲ, ಎರಡು ದಿನ ಬಂದು ಹೋಗೋ" ಅಂತ ನಮ್ಮಲ್ಲೊಬ್ಬನ ಅಪ್ಪ ಫೋನ್ ಮಾಡಿದರು. ಪರೀಕ್ಷೆ ಇದೆ ಅಂತ ಅವನು ಸುಳ್ಳು ಹೇಳಿದ. ಅಪ್ಪ ಅಮ್ಮ ಇಬ್ಬರೇ ಕೊಯ್ದರು. ಅಮ್ಮನಿಗೆ ಸೊಂಟ ಹಿಡಿದದ್ದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಆ ಒಬ್ಬ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆಟ ಕೆಟ್ಟದ್ದೇ? ನಮಗೆ ಹಾಗನ್ನಿಸುವುದಿಲ್ಲ. ಸ್ಕೈರಿಮ್ ಆಡುವಾಗ ನೆಟ್ ಬೇಕಿರಲಿಲ್ಲ. ನಡುವೆ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಆಫ್ ಮಾಡಿದರೆ ನೋಟಿಫಿಕೇಶನ್ ಕಳಿಸಿ ವಾಪಸ್ ಕರೆಯುತ್ತಿರಲಿಲ್ಲ. ನಾವು ಎದ್ದು ಹೋಗದಿದ್ದದ್ದು ನಮ್ಮದೇ ತಪ್ಪು. ಇವತ್ತಿನ ಹಲವು ಮೊಬೈಲ್ ಆಟಗಳು ಹುಡುಗರನ್ನು ಎದ್ದು ಹೋಗಲು ಬಿಡದಂತೆಯೇ ಕಟ್ಟಿದಂಥವು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಒಳ್ಳೆಯದೇ. ಹೊತ್ತು ತಿನ್ನುವ ಆಟವನ್ನು ಮಾತ್ರ ಮನೆಯವರೇ ನೋಡಿಕೊಳ್ಳಬೇಕು.

ಅದಕ್ಕೆ ಹಿರಿಯರಿಗೆ ನಮ್ಮ ಮಾತು ಇಷ್ಟೆ. ಮೊಬೈಲ್ ಕಿತ್ತುಕೊಳ್ಳುವ ಮುಂಚೆ ಒಮ್ಮೆ ಪಕ್ಕದಲ್ಲಿ ಕೂತು, "ಇದರಲ್ಲಿ ಏನು ನಡೀತಿದೆ, ನನಗೂ ಹೇಳೋ" ಅಂತ ಕೇಳಿ. ಕತೆ ಇದ್ದರೆ ಅವನು ಹೇಳುತ್ತಾನೆ. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಅವನಿಗೇ ಗೊತ್ತಾಗುತ್ತದೆ. ಹುಡುಗರಿಗೂ ಒಂದು ಮಾತು: ಆಡಿ. ಆದರೆ ಅಪ್ಪನ ಫೋನ್ ಬಂದಾಗ ಸುಳ್ಳು ಹೇಳಬೇಡಿ. ಡ್ರ್ಯಾಗನ್ ಕಾಯುತ್ತದೆ, ರಾಗಿ ಕಾಯುವುದಿಲ್ಲ.