ಕಡದ ಲೆಕ್ಕ ಗಲ್ಲಾಪೆಟ್ಟಿಗೆಯಲ್ಲೋ, ದೂರದೂರಿನಲ್ಲೋ?

ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿ ಬಸ್ಸಿಗೆ ಕಾಯುತ್ತಾ ಯಾವುದಾದರೂ ಅಂಗಡಿ ಹೊಕ್ಕರೆ "ಕಡ ಬರ್ಕಣಿ" ಎಂಬ ಮಾತು ಈಗಲೂ ಕೇಳುತ್ತದೆ. ಆದರೆ ಬರೆಯುವ ಜಾಗ ಬದಲಾಗಿದೆ. ಗಲ್ಲಾಪೆಟ್ಟಿಗೆಯ ಅಡಿಯ ಉದ್ದ ಪುಸ್ತಕ ಹೋಗಿ ಮೊಬೈಲು ಬಂದಿದೆ. ಗಿರಾಕಿಯ ಹೆಸರು, ನಂಬರು, ಬಾಕಿ ಎಲ್ಲವೂ ಯಾವುದೋ ಊರಿನ ಕಂಪ್ಯೂಟರಿನಲ್ಲಿ ಹೋಗಿ ಕೂರುತ್ತವೆ. ಬೈಂದೂರಿಗೆ ಹೋಗಲಿ, ಬ್ರಹ್ಮಾವರಕ್ಕೆ ಬರಲಿ, ಆ್ಯಪ್ ಮಾರುವವರ ಮಾತು ಒಂದೇ: "ಕ್ಲೌಡ್‌ನಲ್ಲಿ ಉಂಟು, ಹೆದರಬೇಡಿ."

ಹೆದರಬೇಕೋ ಬೇಡವೋ, ಲೆಕ್ಕ ಹಾಕಿ ನೋಡುವ.

2025ರ ಜುಲೈ ತಿಂಗಳನ್ನು ವರ್ತಕರು ಮರೆತಿರಲಾರರು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಜಮೆಯಾದ ಹಣದ ಲೆಕ್ಕ ತರಿಸಿಕೊಂಡು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟೀಸು! ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ದೂರದ ಕಂಪ್ಯೂಟರು ಹೇಳಿದ್ದು ಹಣ ಎಷ್ಟು ಬಂತು ಎಂದು ಮಾತ್ರ. ಯಾತಕ್ಕೆ ಬಂತು, ತರಕಾರಿ ಮಾರಿದ್ದೋ, ಭಾವ ಕೊಟ್ಟ ಕೈಸಾಲವೋ, ಅದಕ್ಕೇನು ಗೊತ್ತು? ಅದನ್ನು ಹೇಳಬೇಕಾದದ್ದು ಅಂಗಡಿಯ ಸ್ವಂತ ಪುಸ್ತಕ. ಪುಸ್ತಕ ಇಡದವರ ಪರವಾಗಿ ಬೇರೆಯವರ ಲೆಕ್ಕವೇ ಸಾಕ್ಷಿ ನುಡಿಯಿತು. ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆಯೇ ಗದ್ದಲ ತಣ್ಣಗಾದದ್ದು.

ಹಾಗಂತ ಎಲ್ಲವೂ ಅಂಗಡಿಯಲ್ಲೇ ಇರಲಿ ಎಂದರೂ ಆಗದು. ನಮ್ಮದು ಮಳೆಯ ಸೀಮೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿ ಪೇಟೆಗೇ ನೆರೆ ಬಂತು, 2022ರ ಆಗಸ್ಟಿನಲ್ಲಿ ಶಿರೂರು ಮುಳುಗಿತು. ನೆರೆಯ ನೀರು ಪುಸ್ತಕ, ಕಂಪ್ಯೂಟರು ಎಂದು ಭೇದ ಮಾಡುವುದಿಲ್ಲ. ಒರಲೆ, ಸಿಡಿಲು, ಉಪ್ಪುಗಾಳಿಯ ಕಾಟ ಬೇರೆ.

ದೂರದ್ದೂ ಕೈಕೊಡುತ್ತದೆ. ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಿ-ಎಡ್ಜ್ ಸಂಸ್ಥೆಗೆ 2024ರ ಜುಲೈ ಕೊನೆಗೆ ಸುಲಿಗೆಕೋರರ ವೈರಸ್ಸು ತಗಲಿತು. ದೇಶದ ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಯುಪಿಐ ಒಮ್ಮೆಲೇ ನಿಂತಿತು. ಸರಿಯಾದದ್ದು ಮರುದಿನ. ದಕ್ಷಿಣ ಕೊರಿಯಾದ ಕಥೆ ಇನ್ನೂ ಕೆಟ್ಟದು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಸರಕಾರಿ ಕೇಂದ್ರಕ್ಕೆ ಬೆಂಕಿ ಬಿದ್ದು ನೌಕರರ 858 ಟೆರಾಬೈಟ್ ಕಡತ ನಾಶವಾಯಿತು. ಎರಡನೇ ಪ್ರತಿಯನ್ನೇ ಇಟ್ಟಿರಲಿಲ್ಲ!

ಅಲ್ಲ ಮಾರಾಯ್ರೆ, ಇದೇ ಜಿಲ್ಲೆಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ನೆನಪುಂಟಲ್ಲ? ಏಜೆಂಟರು ಬರೆದುಕೊಟ್ಟ ಕಾರ್ಡು ವರ್ತಕನ ಕೈಯಲ್ಲಿ, ಲೆಡ್ಜರು ಬ್ಯಾಂಕಿನಲ್ಲಿ. ಒಂದು ತಪ್ಪಿದರೆ ಇನ್ನೊಂದು ತೋರಿಸಬಹುದಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು, ಆದರೆ ಆ ಪದ್ಧತಿಯನ್ನು ನಾವು ಯಾಕೆ ಬಿಡಬೇಕು?

ಇನ್ನು ಕಾನೂನು. ಗಿರಾಕಿಯ ಮಾಹಿತಿ ಕಾಯುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮ ಬಂತು. ಮುಖ್ಯ ಹೊಣೆಗಳಿಗೆ ಕೊಟ್ಟ ಗಡುವು 18 ತಿಂಗಳು, ಅಂದರೆ 2027ರ ಮೇ. ಬರೀ ಕಾಗದದ ಪುಸ್ತಕಕ್ಕೆ ಇದು ಅನ್ವಯಿಸದು, ಕಂಪ್ಯೂಟರಿಗೆ ಏರಿಸಿದರೆ ಅನ್ವಯಿಸುತ್ತದೆ. ಮಾಹಿತಿ ಕಂಪೆನಿಯವನ ಕೈಯಿಂದ ಸೋರಿದರೂ ಹೊಣೆಗಾರ ಅದನ್ನು ಕೊಟ್ಟ ವರ್ತಕನೇ. ಕಾವಲು ಸರಿಯಿಲ್ಲದಿದ್ದರೆ ದಂಡದ ಮೇಲ್ಮಿತಿ 250 ಕೋಟಿ. ಕಿರಾಣಿ ಅಂಗಡಿಗೆ ಅಷ್ಟು ಹಾಕಲಿಕ್ಕಿಲ್ಲ ಎನ್ನಿ. ಆದರೆ ಯಾರ ಮನೆಯ ಕಡ ಎಷ್ಟು ಎಂಬುದು ಪೇಟೆಯಲ್ಲಿ ಸುದ್ದಿಯಾದರೆ ಆ ಗಿರಾಕಿ ಮತ್ತೆ ಮೆಟ್ಟಿಲು ಹತ್ತುವನೇ?

ಈ ಅಂಕಣಕಾರನಿಗೆ ಕಾಣುವುದು ಇಷ್ಟು. ಒಂದೇ ಅಂಗಡಿಯಿದ್ದವರು ಲೆಕ್ಕ ಇಲ್ಲೇ ಇಡಲಿ, ವಾರಕ್ಕೊಮ್ಮೆ ಪ್ರತಿ ತೆಗೆದು ಮನೆಯಲ್ಲೂ ಇಡಲಿ. ಮೂರೂ ತಾಲೂಕಿನಲ್ಲಿ ಶಾಖೆ ಇದ್ದವರಿಗೆ ದೂರದ ವ್ಯವಸ್ಥೆ ಅನುಕೂಲವೇ. ಆದರೆ ಸಹಿ ಹಾಕುವ ಮುಂಚೆ ಕೇಳಬೇಕು: ನಾನು ಬಿಟ್ಟರೆ ನನ್ನ ಲೆಕ್ಕ ಪೂರ್ತಿ ಕೈಗೆ ಸಿಗುತ್ತದೋ? ನೀವು ಅಳಿಸುತ್ತೀರೋ? ಗಿರಾಕಿಯ ನಂಬರು ಬೇರೆಯವರಿಗೆ ಹೋಗುತ್ತದೋ? ಜುಲೈ ಮಳೆಯಲ್ಲಿ ಎರಡು ದಿನ ಕರೆಂಟು, ನೆಟ್‌ವರ್ಕು ಎರಡೂ ಇಲ್ಲದಾಗ ಬಾಕಿ ನೋಡುವುದು ಹೇಗೆ? ಉತ್ತರವನ್ನು ಬರೆಸಿಕೊಳ್ಳಿ, ಬಾಯಿಮಾತು ಬೇಡ.