ಗೋಡೆಯ ಕಿವಿ

ವೈದ್ಯರ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಒಂದು ಹಲಗೆಯ ಅಡ್ಡಗೋಡೆ. ಒಳಗೆ ಕುಳಿತ ಗೃಹಿಣಿ ತನ್ನ ಬೇನೆಯನ್ನು ಹೇಳತೊಡಗಿ, ಹೊರಗಿನವರ ಕೆಮ್ಮು ಕಿವಿಗೆ ಬಿದ್ದೊಡನೆ ತಡೆದು ನಿಲ್ಲುತ್ತಾಳೆ. ಅವರ ಕೆಮ್ಮು ಇಲ್ಲಿಗೆ ಕೇಳಿಸುವುದಾದರೆ ತನ್ನ ಮಾತೂ ಅಲ್ಲಿಗೆ ಕೇಳಿಸುವುದೆಂಬುದನ್ನು ಆಕೆಗೆ ಯಾರೂ ಕಲಿಸಬೇಕಾಗಿಲ್ಲ. ಅರ್ಧ ಹೇಳಿದ ರೋಗಕ್ಕೆ ದೊರೆಯುವುದು ಅರ್ಧ ಚಿಕಿತ್ಸೆಯೇ.

ಗೋಡೆಗೂ ಕಿವಿಯುಂಟೆಂಬ ಮಾತು ಹಳೆಯದು. ಆ ಕಿವಿಯನ್ನು ಅಳೆಯುವ ಶಾಸ್ತ್ರ ಮಾತ್ರ ಈಚಿನದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ, ಆಡಿದ ಮಾತು ಸುಮಾರು 5.5 ಸೆಕೆಂಡುಗಳ ಕಾಲ ಮೊಳಗುತ್ತಿತ್ತು. ಒಂದು ಪದದ ಮೊಳಗು ಅಡಗುವ ಮುನ್ನ ಹತ್ತಾರು ಪದಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಊರು ಮಲಗಿದ ಮೇಲೆ ಆತ ನೆರೆಯ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತರಿಸಿ ಹಾಸಿ, ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ, ದನಿ ಅಡಗುವ ಕಾಲವನ್ನು ಅಳೆದ. ಮೆತ್ತೆ ಹೆಚ್ಚಿದಂತೆ ಮೊಳಗು ತಗ್ಗಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಆತನ ಸೂತ್ರದ ನೆರವಿನಿಂದಲೇ ರೂಪುಗೊಂಡಿತು.

ಆದರೆ ಮೊಳಗನ್ನು ಹೀರುವುದು ಬೇರೆ, ಮಾತನ್ನು ತಡೆಯುವುದು ಬೇರೆ. ದಪ್ಪ ಪರದೆ, ಜಮಖಾನೆಗಳು ಕೋಣೆಯೊಳಗಿನ ಗದ್ದಲವನ್ನು ತಗ್ಗಿಸಬಲ್ಲವೇ ಹೊರತು ನೆರೆಕೋಣೆಗೆ ಹೋಗುವ ಮಾತನ್ನು ನಿಲ್ಲಿಸಲಾರವು. ಅದಕ್ಕೆ ತೂಕವುಳ್ಳ, ಸಂದಿಲ್ಲದ ಗೋಡೆಯೇ ಬೇಕು. ಗೋಡೆಯ ಹರವಿನಲ್ಲಿ ನೂರಕ್ಕೆ ಒಂದು ಪಾಲು ತೆರಪಿದ್ದರೂ ಸಾಕು, ಅದೆಷ್ಟು ದಪ್ಪವಾಗಿದ್ದರೂ ಸುಮಾರು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಕಚೇರಿಗಳಲ್ಲಿ ಅಧಿಕಾರಿಯ ಕೋಣೆಗೆ ತೇಗದ ಬಾಗಿಲಿಟ್ಟು, ಅಡ್ಡಗೋಡೆಯನ್ನು ಮಾತ್ರ ತೋರಿಕೆಯ ಚಾವಣಿಯವರೆಗೆ ಎಬ್ಬಿಸಿ ಕೈಬಿಡುವುದುಂಟು. ಮಾತು ಆ ಚಾವಣಿಯ ಮೇಲಿನಿಂದ ದಾಟಿ ಗುಮಾಸ್ತರ ಮೇಜಿಗೆ ಇಳಿಯುತ್ತದೆ. ವರ್ಗಾವಣೆಯ ಸುದ್ದಿ ಆಜ್ಞೆಗಿಂತ ಮುಂಚೆ ಊರು ಸುತ್ತುತ್ತದೆ.

ವಿಚಿತ್ರವೆಂದರೆ, ಅತಿಯಾದ ನಿಶ್ಶಬ್ದವೂ ಗುಟ್ಟಿಗೆ ಹಗೆ. ಫ್ಯಾನಿನ ಹದವಾದ ಸದ್ದಿನಲ್ಲಿ ಮುಸುಕಾಗುವ ಮಾತು ಮೌನದಲ್ಲಿ ಅಕ್ಷರ ಅಕ್ಷರವಾಗಿ ಕೇಳಿಸುತ್ತದೆ. ಇದನ್ನರಿತೇ ಇಂದು ಕೆಲವು ಕಚೇರಿಗಳಲ್ಲಿ ಚಾವಣಿಯಿಂದ ಒಂದೇ ಸಮನಾದ ಮೆಲುಸದ್ದನ್ನು ಹರಡುವ ಏರ್ಪಾಡಿದೆ.

ಬೆಂಚನ್ನು ಬಾಗಿಲಿನಿಂದ ದೂರ ಸರಿಸುವುದು, ಬಾಗಿಲಡಿಯ ಸಂದಿಗೆ ರಬ್ಬರಿನ ಪಟ್ಟಿ ಹಾಕುವುದು, ಅಡ್ಡಗೋಡೆಯನ್ನು ನಿಜವಾದ ಚಾವಣಿಗೆ ಮುಟ್ಟಿಸುವುದು, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ರೋಗಿಯ ಗುಟ್ಟನ್ನು ಕಾಯುವೆನೆಂಬ ಪ್ರತಿಜ್ಞೆ ಗ್ರೀಸಿನ ಹಿಪೊಕ್ರಟಿಸನ ಹೆಸರಿನಲ್ಲಿ ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ. ವೈದ್ಯರು ಆ ಪ್ರತಿಜ್ಞೆಯನ್ನು ಉಳಿಸಿಕೊಂಡರೂ ಹಲಗೆ ಉಳಿಸಿಕೊಳ್ಳದಿದ್ದರೆ ಫಲವೇನು?